ನಾಲ್ಕು ಮನೆಗಳ ಅಡವು

ಬ್ಯಾಂಕಿನಿಂದ ಮನೆಗೆ ಬೆಲೆ ಕಟ್ಟುವವನು ಇನ್ನೇನು ಬರಬೇಕು. ಬೆಲ್ಮಿರೋ ಫುರ್ತಾದೊ ತನ್ನ ಬಾಡಿಗೆದಾರಳ ಅಡುಗೆಮನೆಯಲ್ಲಿ, ಸಿಂಕಿನ ಕೆಳಗೆ ಅಂಗಾತ ಮಲಗಿ ನಲ್ಲಿ ಬಿಗಿಯುತ್ತಿದ್ದ. ಬಾಡಿಗೆದಾರಳು ಇದಾಲಿನಾ, ಮೊಣಕಾಲು ಕೈಕೊಟ್ಟ ಮುದುಕಿ. ಅವನೇ ತಂದ ಮಲಸಾದ ಎಂಬ ಕರಿದ ಸಿಹಿತಿಂಡಿಯನ್ನು ಮೆಲ್ಲುತ್ತ, ಬೆರಳಿಗಂಟಿದ ಸಕ್ಕರೆ ನೆಕ್ಕುತ್ತ ಕೂತಿದ್ದಳು.

"ಅವನ ಮುಂದೆ ಕಿಟಕಿ ಮುಚ್ಚಲ್ಲ, ಗೋಡೆ ಬಿರುಕು ಅಂತ ಶುರು ಹಚ್ಕೋಬೇಡಿ ಅಮ್ಮಾ."

"ಕೇಳಿದ್ದಕ್ಕಷ್ಟೇ ಉತ್ತರ ಹೇಳೋಳು ನಾನು."

ಅಮೆರಿಕದ ಫಾಲ್ ರಿವರ್ ಊರಿನಲ್ಲಿ ಗೋಡೆಗಳಿಗೆ ಬಣ್ಣ ಬಳಿದು ಬಳಿದು ಬೆಲ್ಮಿರೋ ಮಾಡಿಕೊಂಡ ಆಸ್ತಿಯೆಂದರೆ ನಾಲ್ಕು ಪುಟ್ಟ ಬಾಡಿಗೆ ಮನೆಗಳು. ನಾಲ್ಕನ್ನೂ ಅಡವಿಟ್ಟು ದಿಣ್ಣೆಯ ಮೇಲಿನ ಮೂರಂತಸ್ತಿನ ಕಟ್ಟಡ ಕೊಳ್ಳಲು ಹೊರಟಿದ್ದ. ಅದು ಸಿಕ್ಕರೆ ಈ ವಯಸ್ಸಿನಲ್ಲಿ ಏಣಿ ಹತ್ತುವುದು ತಪ್ಪುತ್ತಿತ್ತು. ಮಾರುವವರ ಮುಖ ಅವನು ಕಂಡಿರಲಿಲ್ಲ. ವಕೀಲರ ಕಾಗದದಲ್ಲಿದ್ದದ್ದು ಬರೀ ಒಂದು ಕಂಪನಿಯ ಹೆಸರು. ಆ ಊರಲ್ಲಿ ಕಟ್ಟಡವಿದ್ದವರ ರೂಢಿಯೇ ಅದು.

"ಆ ಮಾಲೀಕ ಇದ್ದಾನಲ್ಲ, ಮುದಿ ಜಿಪುಣ! ಒಂದು ಡಾಲರ್ ಇಳಿಸಲ್ಲ."

"ಯಾಕೆ ಇಳಿಸ್ಬೇಕು? ಗಟ್ಟಿ ಕಟ್ಟಡ. ಮೆಟ್ಟಿಲು ಹತ್ತೋಕಾಗದೆ ತಾನೇ ನಾನು ಅಲ್ಲಿಂದ ಇಲ್ಲಿಗೆ ಬಂದಿದ್ದು?"

"ಹಾಗಾದ್ರೆ ಅವನ್ನ ನೋಡಿರ್ಬೇಕು ನೀವು."

"ನೋಡದೆ ಏನು? ಕೈ ಬಿಗಿ, ನಿಜ. ಆದ್ರೆ ಬಾಡಿಗೆಗಿರೋರನ್ನ ಕಂಡೋರ ಕೈಗೆ ಕೊಡೋ ಪೈಕಿ ಅಲ್ಲ."

ಬೆಲೆ ಕಟ್ಟುವವನು ಬಂದ, ಮೂಗು ಮುರಿದ, ಹೋದ. ವಾರ ಕಳೆದು ಬೆಲ್ಮಿರೋ ಇದಾಲಿನಾಳ ಹೊಸ್ತಿಲಲ್ಲಿ ಕುಸಿದು ಕೂತ.

"ನಾಲ್ಕೂ ಮನೆ ಸೇರಿದ್ರೂ ಸಾಲಕ್ಕೆ ಸಾಲಲ್ವಂತೆ ಅಮ್ಮಾ. ಉಳಿದಿದ್ದನ್ನ ಎಲ್ಲಿಂದ ತರ್ಲಿ? ಮುಗೀತು ನನ್ನ ಕಥೆ."

"ಅಯ್ಯೋ ಪಾಪ," ಎಂದಳು ಇದಾಲಿನಾ. "ನಲ್ಲಿ ಮತ್ತೆ ತೊಟ್ಟಿಕ್ತಿದೆ ನೋಡು."

ಬೇರೆಯವನಾಗಿದ್ದರೆ ಸ್ಪ್ಯಾನರ್ ಬೀಸಿ ಒಗೆಯುತ್ತಿದ್ದ. ಬೆಲ್ಮಿರೋ ಕಣ್ಣೊರೆಸಿಕೊಂಡು ಮತ್ತೆ ಸಿಂಕಿನ ಕೆಳಗೆ ತೂರಿದ.

ಮರುದಿನವೇ ವಕೀಲರ ಫೋನು ಬಂತು. ಕಡಿಮೆ ಬಿದ್ದ ಹಣವನ್ನು ತಿಂಗಳ ಕಂತಿನಲ್ಲಿ ತೆಗೆದುಕೊಳ್ಳಲು ಮಾರುವವರು ಒಪ್ಪಿದ್ದರು. ಬೆಲ್ಮಿರೋ ನಂಬಲಾರದೆ ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡ.

ಸಹಿಯ ದಿನ ಬೆಲ್ಮಿರೋ ಕಾದು ಕೂತಿದ್ದ ವಕೀಲರ ಕಚೇರಿಯ ಬಾಗಿಲು ತೆರೆಯಿತು. ಚರ್ಚಿಗೆ ಹಾಕುವ ಕೋಟು ತೊಟ್ಟು ಇದಾಲಿನಾ ಕೋಲೂರುತ್ತ ಒಳಬಂದಳು.

"ಅಮ್ಮಾ, ಇಲ್ಲಿಗೂ ಬಂದ್ರಾ! ನಲ್ಲಿ ನಾಳೆ ನೋಡ್ತೀನಿ."

ಅವಳು ಅವನೆದುರು, ಮಾರುವವರಿಗೆಂದು ಬಿಟ್ಟಿದ್ದ ಕುರ್ಚಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದಳು.

"ನಾಳೆ ನೋಡಿದ್ರೆ ಸಾಕಪ್ಪಾ. ಆದ್ರೆ ಇನ್ಮೇಲೆ ಈ ಮುದಿ ಜಿಪುಣನ್ನ ಬಾಡಿಗೆ ಮಾತ್ರ ಕೇಳ್ಬೇಡ, ಅದನ್ನ ನಿನ್ನ ಕಂತಲ್ಲೇ ವಜಾ ಹಾಕ್ಕೊಳ್ತೀನಿ."