ತಲೆಕಟ್ಟಿಲ್ಲದ ‘ಸ’

ಸೀಮೆಎಣ್ಣೆಯ ವಾಸನೆ ಬಂದರೆ ಈಗಲೂ ಶಿರಸಿಯ ಅಚ್ಚುಕೂಟದ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅಲ್ಲಿ ಅಕ್ಷರದ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಅಪ್ಪ ಮೊಳೆ ಜೋಡಿಸುವವ. ನಾನು ಅವನಿಗೆ ಊಟ ಒಯ್ದಿದ್ದೆ.

ಹಿಂದಿನ ವಾರ ಕೆಲಸಗಾರರು ತಮ್ಮದೊಂದು ಸಂಘ ಕಟ್ಟುವ ಕರಪತ್ರವನ್ನು, ಹೆಸರು ಹಾಕದೆ, ಅಲ್ಲೇ ಕದ್ದು ಅಚ್ಚು ಹಾಕಿದ್ದರು. ಅದರಲ್ಲೊಂದು ‘ಸ’ದ ತಲೆಕಟ್ಟು ಮುರಿದಿತ್ತು. ಬ್ರಿಟಿಷರ ವಿರುದ್ಧದ ಕರನಿರಾಕರಣೆಯ ಕಾಲದಲ್ಲಿ ಇಂಥವೇ ಹೆಸರಿಲ್ಲದ ಕರಪತ್ರ ಹಂಚಿದ್ದ ಮಾಲೀಕರು ಆ ‘ಸ’ ತಮ್ಮ ಅಚ್ಚುಕೂಟದ್ದೇ ಎಂದು ಗುರುತಿಸಿದ್ದರು. ಆ ಮೊಳೆ ಯಾರ ಪೆಟ್ಟಿಗೆಯಲ್ಲಿದೆಯೋ ಅವನಿಗೆ ನಾಳೆಯಿಂದ ಕೆಲಸವಿಲ್ಲ, ಉಂಡು ಬಂದು ಹುಡುಕುತ್ತೇನೆ ಎಂದು ಮನೆಗೆ ಹೋಗಿದ್ದರು.

ಮೊಳೆ ಅಪ್ಪನ ಪೆಟ್ಟಿಗೆಯಲ್ಲಿತ್ತು.

“ಎಸೆದ್ರೆ ಎಲ್ಲರ ಮೇಲೂ ಅನುಮಾನ ಬತ್ತು. ಆನೇ ಹೇಳ್ತೆ,” ಎಂದು ಅಪ್ಪ ತಾನೇ ಒಪ್ಪಿಕೊಳ್ಳಲು ಹೊರಟ.

“ಎಲ್ಲರ ಮೇಲೂ ಬರ್ಲಿ ಭಟ್ರೇ. ಮತ್ತೆ ಸಂಘ ಎಂತಕ್ಕೆ?” ಎಂದು ಮಷಿನ್ ನಡೆಸುವ ಹುಸೇನ್ ಸಾಬರು ಲೋಹ ಉಜ್ಜುವ ಸಣ್ಣ ಅರವೊಂದನ್ನು ತಂದಿಟ್ಟರು.

ನೆಲಕ್ಕೆ ಬಿದ್ದ ಮೊಳೆಯನ್ನೂ ಎತ್ತಿ ಕಣ್ಣಿಗೊತ್ತಿಕೊಳ್ಳುವ ಜನ ಅವರು. ಅಪ್ಪನ ಜೊತೆ ಮೊಳೆ ಜೋಡಿಸುವ ಮೂವರೂ ತಮ್ಮ ತಮ್ಮ ಪೆಟ್ಟಿಗೆಯಿಂದ ಒಂದೊಂದು ‘ಸ’ ತೆಗೆದು, ಕಣ್ಣಿಗೊತ್ತಿಕೊಂಡು, ತಲೆಕಟ್ಟು ಉಜ್ಜಿ ಹಾಕಿದರು. ಎಲ್ಲರಿಗಿಂತ ಹಿರಿಯರಾದ ಹೆಗಡೆಯವರ ಅರ ಜಾರಿ, ಅವರ ‘ಸ’ದ ತಲೆ ಓರೆಯಾಗಿ ಸವೆಯಿತು.

ಮಾಲೀಕರು ನಾಲ್ಕೂ ಪೆಟ್ಟಿಗೆ ನೋಡಿದರು; ನಾಲ್ಕರಲ್ಲೂ ತಲೆಕಟ್ಟಿಲ್ಲದ ‘ಸ’ ಸಿಕ್ಕಿತು. ಭೂತಗನ್ನಡಿ ಜೇಬಿಗಿಟ್ಟುಕೊಂಡು ಹೊರಗೆ ಹೋದರು.

ಯಾರ ಕೆಲಸವೂ ಹೋಗಲಿಲ್ಲ, ಹೊಸ ಮೊಳೆಯೂ ಬರಲಿಲ್ಲ. ಬೇಸಿಗೆಯಲ್ಲಿ, ಅಲ್ಲೇ ಅಚ್ಚಾದ ಮಾಲೀಕರ ಮಗಳ ಮದುವೆಯ ಕರೆಯೋಲೆ ನಮ್ಮ ಮನೆಗೂ ಬಂತು. ಅಪ್ಪ ಅದನ್ನು ಬೆಳಕಿಗೆ ಹಿಡಿದು, ‘ಸಕುಟುಂಬ’ದ ಮೇಲೆ ಬೆರಳಿಟ್ಟ.

“ಇದು ಹೆಗಡೇರು ಉಜ್ಜಿದ್ದು,” ಎಂದ.