ತಾಳಮದ್ದಳೆಯ ಜಾಗದಲ್ಲಿ ಸುಮಂಗಲೆ

ಮತ್ತೆ ಅದೇ ಮಲಯಾಳ ಧಾರಾವಾಹಿ. ಗಣೇಶಪ್ರಸಾದರು ರಿಮೋಟನ್ನು ಟೀಪಾಯಿಯ ಮೇಲೆ ಕುಕ್ಕಿದರು.

"ಯಾರು ಇದನ್ನು ರೆಕಾರ್ಡಿಗೆ ಹಾಕಿದ್ದು?"

ಹೆಂಡತಿ ಪರಮೇಶ್ವರಿ ಅಡುಗೆಮನೆಯಿಂದ ಇಣುಕಿ, "ನನಗೆ ಆ ರಿಮೋಟು ಯಾವ ಕಡೆ ಹಿಡಿಯುವುದು ಅಂತಲೇ ಗೊತ್ತಿಲ್ಲ" ಎಂದರು. ಎಂಟನೇ ಕ್ಲಾಸಿನ ಮಗಳು ಶ್ರಾವ್ಯ ಪುಸ್ತಕದಿಂದ ತಲೆ ಎತ್ತದೆ, "ಞಾನಲ್ಲ" ಎಂದಳು. ನಾನಲ್ಲ ಎನ್ನುವುದನ್ನೂ ಮಲಯಾಳದಲ್ಲೇ ಹೇಳಿದಳಲ್ಲ ಎಂದು ಅಪ್ಪನಿಗೆ ಮೈ ಉರಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ ಎಂದುಕೊಂಡರು.

ಗಣೇಶಪ್ರಸಾದರು ಕಾಸರಗೋಡಿನವರು. ತಿರುವನಂತಪುರದಲ್ಲಿ ಹಗಲು ಸರಕಾರದ ಕಾನೂನು ಅಧಿಕಾರಿ, ಸಂಜೆ ಕನ್ನಡ ಸಂಘದ ಅಧ್ಯಕ್ಷರು. ಊರಿಗೆಲ್ಲ ಕನ್ನಡ ಉಳಿಸುವ ಭಾಷಣ ಮಾಡುವವರ ಮಗಳೇ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಅವಳನ್ನು ದಾರಿಗೆ ತರಲೆಂದೇ ಆ ಯಂತ್ರ ಬಂದದ್ದು. ಕೊಚ್ಚಿಯ ಕಾಕ್ಕನಾಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ತಮ್ಮನ ಮಗ ಸಂದೇಶ್ ಒಂದು ಹಳೆಯ ಕಂಪ್ಯೂಟರಿಗೆ ಟಿವಿ ಕಾರ್ಡ್ ಸಿಕ್ಕಿಸಿ, ಮೀಡಿಯಾ ಸೆಂಟರ್ ಸಾಫ್ಟ್‌ವೇರ್ ಹಾಕಿ, ಟಿವಿಯ ಪಕ್ಕ ಕೂರಿಸಿದ್ದ. "ಒಂದು ಸಲ ಹೇಳಿಟ್ಟರೆ ಸಾಕು ದೊಡ್ಡಪ್ಪ, ಬೇಕಾದ್ದನ್ನು ಅದೇ ರೆಕಾರ್ಡು ಮಾಡಿಡ್ತದೆ. ಮತ್ತೆ ಇನ್ನೊಂದು..." ಎಂದು ಶುರು ಮಾಡಿದವನನ್ನು "ಗೊತ್ತಾಯಿತು ಮಾರಾಯ" ಎಂದು ಬಸ್ಸು ಹತ್ತಿಸಿದ್ದರು. ಕಾನೂನು ಓದಿದವರಿಗೆ ಯಾರೂ ಪೂರ್ತಿ ಹೇಳಬೇಕಾಗಿಲ್ಲ.

ಕೇಬಲ್‌ನವನನ್ನು ಕಾಡಿ ಬೇಡಿ ಹಾಕಿಸಿಕೊಂಡ ಒಂದೇ ಒಂದು ಕನ್ನಡ ಚಾನೆಲಿನಿಂದ ತಾಳಮದ್ದಳೆ, ಗಮಕ, ಚಿಂತನ ಎಲ್ಲವನ್ನೂ ತುಂಬಿಸಿದರು. ಮಗಳು ನೋಡಲಿ ಎಂದು. ತಾವು ನೋಡಲು ಸಂಘದ ಕೆಲಸದಲ್ಲಿ ಪುರುಸೊತ್ತಾಗಲಿಲ್ಲ. ಕೇಬಲ್‌ನವನು ಚಾನೆಲುಗಳನ್ನು ಹಿಂದೆಮುಂದೆ ಮಾಡಿದ ವಾರವೇ ತಾಳಮದ್ದಳೆಯ ಜಾಗದಲ್ಲಿ ಸುಮಂಗಲೆ ಎಂಬ ಸೊಸೆ ಮಲಯಾಳದಲ್ಲಿ ಅಳುತ್ತಿದ್ದಳು. ಆಮೇಲೆ ದಿನಕ್ಕೊಂದು ಕಂತು ಬಂದು ಕೂತಿತು. ತಾಳಮದ್ದಳೆಗಳು ಒಂದೊಂದಾಗಿ ಮಾಯವಾದವು.

ಇಂದು ಅವರ ತಾಳ್ಮೆ ಮುಗಿಯಿತು. "ಈ ಧಾರಾವಾಹಿಯ ಹುಚ್ಚು ಯಾರಿಗೆ ಉಂಟೋ ಅವರು ಮಂಗಳೂರಿಗೆ. ಒಂದು ವರ್ಷ ನಿರ್ಮಲಕ್ಕನ ಮನೆಯಲ್ಲಿ. ಯಾರೇ ಆಗಲಿ, ವಿನಾಯಿತಿ ಇಲ್ಲ."

ಯಾರೇ ಆಗಲಿ ಎಂದದ್ದು ಬಾಯಿಮಾತಿಗೆ. ಕಣ್ಣು ಶ್ರಾವ್ಯಳ ಮೇಲಿತ್ತು. ಶ್ರಾವ್ಯಳ ಮುಖ ಬಿಳಿಚಿತು. ಅಪ್ಪನ ಅಕ್ಕ ನಿರ್ಮಲತ್ತೆಯ ಮನೆಯಲ್ಲಿ ಟಿವಿ ಇಲ್ಲ, ಬೆಳಗಾಗುವ ಮೊದಲೇ ತಣ್ಣೀರು ಸ್ನಾನ, ಗೀತೆಯ ಅಧ್ಯಾಯ ಒಪ್ಪಿಸದೆ ಕಾಫಿಯೂ ಇಲ್ಲ. ಶಾಲೆ, ಗೆಳತಿಯರು, ಡ್ಯಾನ್ಸ್ ಕ್ಲಾಸು ಎಲ್ಲ ಬಿಟ್ಟು ಅಲ್ಲಿಗೆ ಹೋಗಬೇಕೇ ಎಂದು ಆ ಹುಡುಗಿ ಊಟ ಬಿಟ್ಟು ಅತ್ತಳು.

ತನಿಖೆ ಜೋರಾಗಿಯೇ ಮುಂದುವರಿಯಿತು. ಸಾಕ್ಷ್ಯವನ್ನು ಅರ್ಧ ನೋಡಿ ತೀರ್ಪು ಕೊಡುವುದು ಗಣೇಶಪ್ರಸಾದರ ಜಾಯಮಾನವಲ್ಲ. ಮೊದಲ ದಿನದಿಂದಲೂ ಪ್ರತಿ ಸಂಜೆ ಹಾಲ್‌ನ ಬಾಗಿಲು ಹಾಕಿಕೊಂಡು, ಆರೋಪಿಗಳನ್ನು ಹೊರಗಿಟ್ಟು, ಒಂದೊಂದು ಕಂತನ್ನೂ ಶೀರ್ಷಿಕೆ ಗೀತೆಯಿಂದ ಹಿಡಿದು ಕೊನೆಯವರೆಗೆ ಪರಿಶೀಲಿಸುತ್ತಿದ್ದರು. ವಾಕಿಂಗ್ ನಿಂತಿತು. ಸಂಘದ ಸಭೆಗೂ ಹೋಗಲಾಗಲಿಲ್ಲ. ಒಂದು ದಿನ ಅವರು ಹೊರಗೆ ಬಂದಾಗ ಪರಮೇಶ್ವರಿ ಮೆಲ್ಲನೆ ಕೇಳಿದರು:

"ಕಣ್ಣು ಕೆಂಪಾಗಿದೆಯಲ್ಲ?"

"ಶೀತ."

"ಸುಮಂಗಲೆಗೆ ಜಾಮೀನು ಸಿಕ್ಕಿತಾ?"

"ಎಲ್ಲಿಂದ ಸಿಗಬೇಕು? ಆ ವಕೀಲನಿಗೆ ಸೆಕ್ಷನ್ನೇ ಗೊತ್ತಿಲ್ಲ!" ಎಂದವರು ತಟ್ಟನೆ ನಿಂತರು. "ನಿನಗೆ ಅವಳ ಹೆಸರು ಹೇಗೆ ಗೊತ್ತಾಯಿತು?"

"ಬಾಗಿಲು ಹಾಕಿದರೂ ಸ್ವರ ಕೇಳ್ತದಲ್ಲ."

ಈಗ ಹೆಂಡತಿಯ ಮೇಲೂ ಸಂಶಯ ಬಂತು. ಗಣೇಶಪ್ರಸಾದರು ಕೊನೆಯ ಅಸ್ತ್ರ ತೆಗೆದರು. ರಜೆ ಶುರುವಾದದ್ದೇ ತಡ, ತಾಯಿ ಮಗಳಿಬ್ಬರನ್ನೂ ಕಾಕ್ಕನಾಡಿನ ಸಂದೇಶನ ಫ್ಲ್ಯಾಟಿಗೆ ಕಳಿಸಿದರು. ಇನ್ನು ರೆಕಾರ್ಡು ನಿಂತರೆ ಕಳ್ಳತನ ಇವರಿಬ್ಬರದೇ. ನಿರ್ಮಲಕ್ಕನಿಗೆ ಆಗಲೇ ಫೋನು ಮಾಡಿ ಒಂದು ಕೋಣೆ ಖಾಲಿ ಮಾಡಿಡಲು ಹೇಳಿದರು.

ಮರುದಿನ ಆಫೀಸಿನಿಂದ ಬಂದು ನೋಡಿದರೆ ಹೊಸ ಕಂತು ಸಿದ್ಧವಾಗಿತ್ತು. ಅದನ್ನು ಪೂರ್ತಿ ಪರಿಶೀಲಿಸಿದರು. ಅದರ ಮರುದಿನವೂ ಬಂತು, ಅದನ್ನೂ ಪರಿಶೀಲಿಸಿದರು. ಯಾರೋ ಮನೆಗೆ ನುಗ್ಗುತ್ತಿದ್ದಾರೆಂದು ಬೀಗ ಬದಲಾಯಿಸಿದರು. ಸುಮಂಗಲೆ ಹೊಸ ಬೀಗಕ್ಕೂ ಜಗ್ಗಲಿಲ್ಲ. ಶನಿವಾರ ಉಳಿದಿದ್ದ ಕೊನೆಯ ತಾಳಮದ್ದಳೆಯೂ ಕಾಣೆಯಾದಾಗ ಅವರಿಗೆ ನಿಜಕ್ಕೂ ಹೆದರಿಕೆಯಾಯಿತು. ಸಂದೇಶನಿಗೆ ಫೋನು ಮಾಡಿದರು.

"ಮನೆಯಲ್ಲಿ ನಾನೊಬ್ಬನೇ ಇರುವುದು ಮಾರಾಯ. ಆದರೂ ಯಾರೋ ರೆಕಾರ್ಡಿಗೆ ಹಾಕ್ತಿದ್ದಾರೆ!"

"ತಡೀರಿ ದೊಡ್ಡಪ್ಪ. ದೊಡ್ಡಮ್ಮನೂ ಶ್ರಾವ್ಯಳೂ ಇಲ್ಲೇ ಇದ್ದಾರೆ, ಅವರಿಗೂ ಕೇಳಲಿ" ಎಂದು ಸಂದೇಶ್ ಸ್ಪೀಕರ್ ಹಾಕಿದ. "ಅದಕ್ಕೆ ಯಾರೂ ಹಾಕಬೇಕಂತಿಲ್ಲ. ನಾನು ಅವತ್ತು ಹೇಳಲಿಕ್ಕೆ ಹೊರಟದ್ದೇ ಅದು. ಮನೆಯಲ್ಲಿ ಯಾವುದನ್ನು ಕೊನೆತನಕ ನೋಡ್ತಾರೋ, ಅದರ ಮುಂದಿನದ್ದನ್ನು ಅದು ತಾನಾಗಿಯೇ ತಂದಿಡ್ತದೆ. ಯಾರೂ ತೆರೆದೇ ನೋಡದ್ದನ್ನು ಜಾಗ ಸಾಲದಾಗ ಅಳಿಸ್ತದೆ. ಮೊದಲನೇ ಕಂತು ಚಾನೆಲ್ ಬದಲಾದ್ದರಿಂದ ಬಂದದ್ದಿರಬೇಕು. ಆಮೇಲಿನದ್ದನ್ನೆಲ್ಲ ದಿನಾ ಕೂತು ಪೂರ್ತಿ ನೋಡಿದ್ದು ಯಾರು?"

ಗಣೇಶಪ್ರಸಾದರ ಎದುರಿನ ಪರದೆಯಲ್ಲಿ ಸುಮಂಗಲೆ ಕಟಕಟೆ ಹತ್ತಲು ಒಂದು ಕಾಲೆತ್ತಿ ನಿಂತಿದ್ದಳು. ಫೋನು ಮಾಡುವಾಗ ಒಂದು ಮಾತೂ ತಪ್ಪಿಹೋಗಬಾರದೆಂದು ಅವರೇ ನಿಲ್ಲಿಸಿದ್ದರು.

ಆ ಕಡೆಯಿಂದ ಶ್ರಾವ್ಯಳ ಸ್ವರ ಬಂತು, ಅಪ್ಪಟ ಕನ್ನಡದಲ್ಲಿ: "ಅಪ್ಪಾ, ನೀವು ಯಾವತ್ತು ಬರ್ತೀರಿ ಅಂತ ನಿರ್ಮಲತ್ತೆಗೆ ಹೇಳಲಿ?"