ಪೋಣಿಸಿಟ್ಟ ಸೂಜಿಗಳು

“ಎಂದೋ ಹೋಗೋ ಜೀವಕ್ಕ ಇಂದs ಸಪ್ಪನ ಚಾ ಕುಡೀಲೇನು?” ಎಂದು ಕಾಶವ್ವ ಮೊಬೈಲನ್ನು ಜಬರಿಸಿ, ಸಕ್ಕರೆ ಸುರಿದ ಚಹಾದ ಕಪ್ಪು ಕೈಗೆತ್ತಿಕೊಂಡಳು. ಸಕ್ಕರೆ ಕಾಯಿಲೆಯವರಿಗೆಂದು ಸೊಸೆ ವೈಶಾಲಿ ಹಾಕಿಕೊಟ್ಟ ಆ ಕನ್ನಡ ಮಾತಾಡುವ ಎಐ, ಹೃದಯ ಕೆಡುತ್ತದೆ, ಕಿಡ್ನಿ ಕೆಡುತ್ತದೆ ಎಂದು ಹೇಳಿದ್ದಕ್ಕೆಲ್ಲ ಅವಳ ಬಳಿ ಎದುರುತ್ತರವಿತ್ತು.

ಫೋನು ದಾರಿ ಬದಲಿಸಿತು. “ಮೊಮ್ಮಗಳಿಗೆ ಕೌದಿ ಹೊಲಿಯುತ್ತಿದ್ದೇನೆ ಎಂದಿರಿ. ಸಕ್ಕರೆ ಏರಿದರೆ ಕಣ್ಣು ಮಂಜಾಗುತ್ತದೆ. ಸೂಜಿಗೆ ದಾರ ಈಗಲೂ ನೀವೇ ಪೋಣಿಸುತ್ತೀರಾ, ಅಮ್ಮ?”

“ಮತ್ತ್ಯಾರು ಪೋಣಸ್ತಾರ?” ಎಂದವಳೇ ಖಾಲಿ ಸೂಜಿಯೊಂದನ್ನು ಹಿಡಿದು, ದಾರದ ತುದಿಯನ್ನು ಎಂಜಲಿನಿಂದ ಹೊಸೆದಳು. ಸೂಜಿಯ ಕಣ್ಣು ಸಿಗಲಿಲ್ಲ. ಬೆಳಕಿಗೆ ಹಿಡಿದರೂ ಸಿಗಲಿಲ್ಲ. ಆಗ ಹೊಳೆಯಿತು: ಎಷ್ಟೋ ದಿನದಿಂದ, ಡಬ್ಬಿಗೆ ಕೈ ಹಾಕಿದಾಗಲೆಲ್ಲ ಸೂಜಿಗಳು ದಾರ ಪೋಣಿಸಿಕೊಂಡೇ ಸಿಗುತ್ತಿದ್ದವು.

ಗಂಡ ಶೆಟ್ಟೆಪ್ಪ ಪೇಪರಿನ ಹಿಂದೆ ಮುಖ ಮರೆಸಿಕೊಂಡ. “ದಿನಾ ಫೋರ್ಟಿನ ಕೆಲಸಕ್ಕ ಲೋಕಲ್ ರೈಲು ಹಿಡಿಯೂಕಿಂತ ಮೊದಲ ನಾಕು ಸೂಜಿಗೆ ಪೋಣಸಿಟ್ಟು ಹೋಗ್ತಿದ್ದೆ. ಇವತ್ತ ರಜಾ ನೋಡು, ಮರ್ತೆ,” ಎಂದ ಮೆಲ್ಲಗೆ.

ಕಾಶವ್ವ ಕಪ್ಪನ್ನು ಅವನ ಮುಂದೆ ಸರಿಸಿದಳು. “ಈ ಚಾ ನೀವ ಕುಡೀರಿ. ಇನ್ನ ಕದ್ದು ಪೋಣಸಬ್ಯಾಡ್ರಿ. ನನ್ನ ಎದರಿಗೆ ಕುಂತು ಪೋಣಸ್ರಿ.”